ಅಜ್ಜನ ಕೋವಿ ಇಟ್ಟುಕೊಳ್ಳಬೇಕಾ, ಒಪ್ಪಿಸಿಬಿಡಬೇಕಾ?

ನಮಸ್ಕಾರ. ಅಜ್ಜ ತೀರಿಕೊಂಡರು, ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಕೊಡಗಿನ ಮನೆಯಲ್ಲಿರುವ ಅವರ ಒಂಟಿ ನಳಿಗೆ ಕೋವಿಯನ್ನು ಸುಮ್ನೆ ಯಾಕೆ ಇಟ್ಟುಕೊಳ್ಳಬೇಕು ಅಂತ ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ.

ನಮ್ಮ ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಆ ಸದ್ದಿನಲ್ಲೇ ಊರಿಗೆ ಸುದ್ದಿ ಮುಟ್ಟುತ್ತಿತ್ತು. ನಿಮ್ಮ ಅಜ್ಜನ ಕೋವಿ ಎಷ್ಟು ಮನೆಗಳ ಸುಖ ದುಃಖ ಸಾರಿರಬಹುದು, ಯೋಚಿಸಿ. ನಮ್ಮ ತಂದೆಯ ಕೋವಿಯ ಹಿಡಿ ಅವರ ಕೆನ್ನೆ ತಾಗುವ ಜಾಗದಲ್ಲಿ ನುಣುಪಾಗಿ ಸವೆದಿದೆ. ಪ್ರತಿ ಸೆಪ್ಟೆಂಬರ್ 3ರಂದು, ಆಯುಧ ಪೂಜಿಸುವ ಹಬ್ಬವಾದ ಕೈಲ್‌ಪೊಳ್ದ್ ದಿನ, ಅದನ್ನು ಒರೆಸಿ ತೋಕ್‌ಪೂ ಎಂಬ ಹೂ ಸಿಕ್ಕಿಸುವಾಗ ನನ್ನ ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಅವರ ಫೋಟೋ ನೋಡಿದಾಗಲೂ ಅಷ್ಟು ಹತ್ತಿರ ಅನಿಸುವುದಿಲ್ಲ.

ಕಾಗದದ ಕೆಲಸ ಮಾತ್ರ ತಡ ಮಾಡಬೇಡಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ. ಆದರೆ ವಿನಾಯಿತಿ ಪತ್ರ ಅಜ್ಜನ ಹೆಸರಿನಲ್ಲಿದ್ದರೆ ಅದು ತಾನಾಗಿ ನಿಮ್ಮದಾಗುವುದಿಲ್ಲ. ಮರಣ ಪ್ರಮಾಣಪತ್ರ ಹಿಡಿದು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಕೋವಿಯನ್ನು ಬೆಂಗಳೂರಿಗೆ ಒಯ್ಯಬೇಡಿ. ಹಳೆಯ ಕೋವಿ, ಬಲ್ಲವರು ನೋಡದೆ ತೋಟಾ ಹಾಕಲೇಬೇಡಿ.

ಊರಲ್ಲೇ ಇರುವ ಚಿಕ್ಕಪ್ಪನೋ ದಾಯಾದಿಯೋ ನೋಡಿಕೊಳ್ಳಲು ಒಪ್ಪುತ್ತಾರಾ, ಒಮ್ಮೆ ಕೇಳಿ. ಅವರ ಹೆಸರಿಗೇ ಮಾಡಿಸಿದರೆ ಕೋವಿ ಒಕ್ಕದಲ್ಲೇ, ಅಂದರೆ ಮನೆತನದಲ್ಲೇ ಉಳಿಯುತ್ತದೆ, ಹಬ್ಬಕ್ಕೆ ನೀವು ಹೋದಾಗ ಕಣ್ಣೆದುರೇ ಇರುತ್ತದೆ ಅಲ್ವಾ?