ಬಾಗೇಪಲ್ಲಿಯ ತಂಗಿಗೆ, ಮಗನ ಓದಿನ ಬಗ್ಗೆ

ತಂಗಿ, ಚಳಿ ಹೇಗೆ ತಡೆಯೋದು, ರಾಗಿಹಿಟ್ಟು ಎಲ್ಲಿ ಸಿಗುತ್ತೆ, ನಿನ್ನ ಬಿ.ಎಡ್. ಇಲ್ಲಿ ಇಂಗ್ಲೆಂಡಲ್ಲಿ ನಡೆಯುತ್ತಾ ಅಂತೆಲ್ಲ ಕೇಳಿದ್ದೀಯ. ಕೊನೇಲಿ ಮಗನ ವಿಷಯ ಬರೆದಿದ್ದೀಯ. ಬಾಗೇಪಲ್ಲೀಲಿ ಇಂಗ್ಲಿಷ್ ಮೀಡಿಯಂನಲ್ಲಿ ಎರಡನೇ ಕ್ಲಾಸ್ ಮುಗಿಸಿ ಬಂದವನನ್ನ ಇಲ್ಲಿ ಇಯರ್ ಥ್ರೀಗೆ ಹಾಕಿದ್ದಾರೆ, ಟೀಚರು ಓದು ಸಾಲದು ಅಂತಾರೆ, ಮನೇಲಿ ತೆಲುಗು ಕನ್ನಡ ಎರಡೂ ಬಿಟ್ಟು ಬರೀ ಇಂಗ್ಲಿಷ್ ಮಾತಾಡಬೇಕಾ ಅಕ್ಕ, ಅಂತ.

ಚಳಿಗೆ ಕಾಲು ಬೆಚ್ಚಗಿರಬೇಕು, ಒಳ್ಳೆ ಬೂಟ್ಸ್ ತಗೊಳ್ಳೋದಕ್ಕೆ ಹಿಂದೆಮುಂದೆ ನೋಡಬೇಡ. ರಾಗಿಹಿಟ್ಟು ಇಂಡಿಯನ್ ಅಂಗಡೀಲಿ ಸಿಗುತ್ತೆ. ಊರಿನ ಸೊಗಡಿನ ಅವರೆಕಾಯಿ ಮಾತ್ರ ಮರೆತುಬಿಡು. ಡಿಸೆಂಬರ್ ಬಂದರೆ ಹಿತಕಿದಬೇಳೆ ಸಾರು ನೆನೆದು ಈಗಲೂ ನನಗೆ ಸಂಕಟವಾಗುತ್ತೆ. ಕೆಲಸಕ್ಕೆ, ಮೊದಲು ಮಗನ ಸ್ಕೂಲಲ್ಲೇ ವಾಲಂಟಿಯರ್ ಆಗು. ನಾನು ಟೀಚಿಂಗ್ ಅಸಿಸ್ಟೆಂಟ್ ಆಗಿದ್ದು ಹಾಗೇನೆ.

ಈಗ ಮಗನ ವಿಷಯ. ಮನೆಮಾತು ಬಿಡಲೇಬೇಡ.

ನಾವು ಚಿಂತಾಮಣಿಯಿಂದ ಲೆಸ್ಟರಿಗೆ ಬಂದಾಗ ನನ್ನ ಮಗ ಇನ್ನೂ ಚಿಕ್ಕವನು, ಅವರ ತಾತನ ಹತ್ರ ಕಾಗುಣಿತ ತಿದ್ದಿ ಬಂದಿದ್ದ. ಇಂಗ್ಲೆಂಡಿನ ಸರ್ಕಾರಿ ಪ್ರೈಮರಿ ಸ್ಕೂಲುಗಳಲ್ಲಿ ಇಯರ್ ಒನ್ ಮಕ್ಕಳಿಗೆ ಜೂನ್‌ನಲ್ಲಿ ಫೋನಿಕ್ಸ್, ಅಂದರೆ ಅಕ್ಷರದ ಸದ್ದು ಕೂಡಿಸಿ ಓದೋ ಪರೀಕ್ಷೆ ಮಾಡ್ತಾರೆ, 2012ರಲ್ಲಿ ಶುರುವಾಗಿದ್ದು. ಒಟ್ಟು 40 ಪದ. ಅದರಲ್ಲಿ 20 ಪದಕ್ಕೆ ಅರ್ಥವೇ ಇರಲ್ಲ, ಬೇಕಂತಲೇ ಕಟ್ಟಿರೋ ಪದಗಳು. ಗುರುತಿಗೆ ಅಂತ ಪಕ್ಕದಲ್ಲಿ ಒಂದು ವಿಚಿತ್ರ ಜೀವಿಯ ಚಿತ್ರ ಇರುತ್ತೆ. ಮಗು ಊಹೆ ಮಾಡದೆ ಅಕ್ಷರ ನೋಡಿ ಸದ್ದು ಕೂಡಿಸುತ್ತಾ ಅಂತ ತಿಳಿಯೋದಕ್ಕೆ. ಕ ಕಾ ಕಿ ಕೀ ಬಾಯಿಗೆ ಬಂದಿರೋ ನಮ್ಮ ಮಕ್ಕಳಿಗೆ ಸದ್ದು ಕೂಡಿಸೋದು ಗೊತ್ತಿರೋ ಕೆಲಸವೇ. ನನ್ನ ಮಗ ಸಲೀಸಾಗಿ ಪಾಸಾದ.

ಆಮೇಲೆ ಕಷ್ಟ ಶುರುವಾಯಿತು, ಯಾರಿಗೂ ಗೊತ್ತಾಗದ ಹಾಗೆ. ಗಡಗಡ ಓದ್ತಿದ್ದ. ಮನೆಗೆ ಕಳಿಸೋ ರೀಡಿಂಗ್ ರೆಕಾರ್ಡಲ್ಲಿ ವಾರವಾರವೂ ಹೊಗಳಿಕೆ, ಪುಸ್ತಕದ ಮಟ್ಟ ಏರ್ತಾನೇ ಹೋಯಿತು. ಗಡಗಡ ಓದೋ ಮಗೂನ ನಮ್ಮ ಕಡೆ ಎಷ್ಟು ಮೆಚ್ಚಿಕೊಳ್ತಾರೆ ಅಂತ ನಿನಗೇ ಗೊತ್ತಲ್ಲ. ಇಯರ್ ಫೋರ್‌ನಲ್ಲಿ ಹೊಸ ಟೀಚರ್ ಬಂದರು. ಒಂದು ಪಾಠ ಓದಿಸಿ, ಕೊಳದ ಮೇಲೆ ಓಡಿದ ಹುಡುಗನಿಗೆ ಅಮ್ಮ ಯಾಕೆ ಬೈದಳು ಅಂತ ಕೇಳಿದರು. ಇವನು ಸುಮ್ಮನೆ ನಿಂತ. ಕೊಳದ ನೀರು ಹೆಪ್ಪುಗಟ್ಟುತ್ತೆ, ಅದರ ಮೇಲೆ ಓಡಿದರೆ ಬಿರುಕು ಬಿಡುತ್ತೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ. ಕೆರೆ ಅಂದರೆ ಅವನ ಕಣ್ಣಿಗೆ ಬರೋದು ನಮ್ಮೂರಿನ ಕೆರೆ. ಪಾಠದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಕಥೆ ಮಾತ್ರ ಅವನಿಗೆ ಸಿಕ್ಕಿರಲಿಲ್ಲ.

ಗಾಫ್, ಟನ್ಮರ್ ಅನ್ನೋ ಇಬ್ಬರು ಸಂಶೋಧಕರು 1986ರಲ್ಲಿ ಇದನ್ನ ಗುಣಾಕಾರದಲ್ಲಿ ಹೇಳಿದರು. ಅಕ್ಷರ ಬಿಡಿಸೋ ಶಕ್ತಿ ಒಂದು, ಕೇಳಿದ ಮಾತು ಅರ್ಥ ಮಾಡಿಕೊಳ್ಳೋ ಶಕ್ತಿ ಇನ್ನೊಂದು. ಎರಡನ್ನೂ ಗುಣಿಸಿದರೆ ಬರೋದು ಓದು. ಒಂದು ಸೊನ್ನೆಯಾದರೆ ಎಲ್ಲಾನೂ ಸೊನ್ನೆ. ಎರಡು ಭಾಷೆ ಕಲಿಯೋ ಮಕ್ಕಳ ಬಗ್ಗೆ ಸಂಶೋಧನೆ ಮಾಡಿದ ಜಿಮ್ ಕಮಿನ್ಸ್ ಹೇಳೋದು ಇನ್ನೊಂದು: ಹೊಸ ಭಾಷೇಲಿ ಆಟದ ಮಾತು ಎರಡು ವರ್ಷದಲ್ಲಿ ಬಂದುಬಿಡುತ್ತೆ, ಪಾಠದ ಭಾಷೆ ಬರೋಕೆ ಐದು ವರ್ಷ, ಒಮ್ಮೊಮ್ಮೆ ಇನ್ನೂ ಹೆಚ್ಚು ಬೇಕು. ಗೆಳೆಯರ ಜೊತೆ ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾನೆ ಅಂತ ಸಮಾಧಾನ ಪಟ್ಟುಕೊಳ್ಳೋ ಹಾಗಿಲ್ಲ. ಟೀಚರು ಸಾಲದು ಅಂದರು ಅಂತ ಹೆದರಬೇಕಾಗೂ ಇಲ್ಲ.

ನನ್ನ ಮಗ ಈಗ ಯೂನಿವರ್ಸಿಟೀಲಿದ್ದಾನೆ, ಚೆನ್ನಾಗಿ ಓದ್ತಾನೆ. ಆದರೆ ಖುಷಿಗೆ ಅಂತ ಒಂದು ಪುಸ್ತಕ ಹಿಡಿಯಲ್ಲ. ಕಥೇಲಿ ಮುಳುಗಬೇಕಾದ ವಯಸ್ಸಲ್ಲಿ ಅವನು ಬರೀ ಸದ್ದು ಓದಿದ. ಆ ಕೊರಗು ನನ್ನನ್ನ ಬಿಟ್ಟಿಲ್ಲ.

ಅದಕ್ಕೇ ಮನೆಮಾತು ಬಿಡಬೇಡ ಅಂದೆ. ನಮ್ಮ ಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮನೇಲಿ ತೆಲುಗು ಆಡಿ, ಸ್ಕೂಲಲ್ಲಿ ಕನ್ನಡ ಓದಿ ಬಂದವರು ನಾವು. ನಮ್ಮಜ್ಜಿ ಕೈವಾರ ತಾತಯ್ಯನವರ ತೆಲುಗು ಕೀರ್ತನೆಗಳನ್ನ ಕನ್ನಡ ಲಿಪೀಲಿ ಓದೋರು, ಓದ್ತಾ ಓದ್ತಾ ಕಣ್ಣಲ್ಲಿ ನೀರು ತುಂಬೋದು. ಅಕ್ಷರ ಸ್ಕೂಲಿಂದ ಬಂದಿತ್ತು, ಅರ್ಥ ಮನೆಯಿಂದ. ನೀನು ಬರೀ ಇಂಗ್ಲಿಷಿಗೆ ಇಳಿದರೆ ನಿನಗೆ ಹೊಳೆಯೋದು ಬಾ, ತಿನ್ನು, ಮಲಗು ಅಷ್ಟೇ. ಹೊಲ, ಮಳೆ, ಜಗಳ, ಸಾವು ಇವನ್ನೆಲ್ಲ ಮಗನ ಜೊತೆ ಮಾತಾಡೋಕೆ ನಿನ್ನ ಭಾಷೇನೇ ಬೇಕು. ಹಾಗೆ ಒಂದು ಭಾಷೇಲಿ ತಿಳಿದಿದ್ದು ಇನ್ನೊಂದಕ್ಕೂ ಬರುತ್ತೆ.

ಹೀಗೆ ಮಾಡು. ಸ್ಕೂಲಿಂದ ಬಂದ ಪುಸ್ತಕದ ಚಿತ್ರಗಳನ್ನ ಮೊದಲು ಇಬ್ಬರೂ ನೋಡಿ, ಏನಾಗ್ತಿದೆ ಅಂತ ನಿಮ್ಮ ಮಾತಲ್ಲೇ ಮಾತಾಡಿ. ಆಮೇಲೆ ಅವನು ಓದಲಿ. ಉಚ್ಚಾರಣೆ ತಪ್ಪಿದಾಗೆಲ್ಲ ತಡೀಬೇಡ. ಪುಟ ಮುಗಿದ ಮೇಲೆ ಯಾಕೆ ಹೀಗಾಯಿತು ಅಂತ ಕೇಳು. ಉತ್ತರ ತೆಲುಗಲ್ಲಿ ಬಂದರೂ ಸರಿ. ಅದೇ ಪುಸ್ತಕವನ್ನ ಇನ್ನೊಮ್ಮೆ ಓದಿಸು. ಭಾನುವಾರ ಫೋನಲ್ಲಿ ಅಜ್ಜಿಗೆ ಆ ಕಥೆ ಹೇಳಲಿ. ಅಜ್ಜಿ ಸುಮ್ಮನೆ ಬಿಡಲ್ಲ, ಪ್ರಶ್ನೆ ಮೇಲೆ ಪ್ರಶ್ನೆ ಕೇಳ್ತಾರೆ. ಪುಸ್ತಕ ಕೊಳ್ಳೋದು ಬೇಡ, ಲೈಬ್ರರೀಲಿ ಮೆಂಬರ್ ಆಗೋಕೆ ದುಡ್ಡಿಲ್ಲ.

ಪೇರೆಂಟ್ಸ್ ಈವನಿಂಗ್ ದಿನ ಸಂಕೋಚ ಪಟ್ಟು ತಲೆ ಆಡಿಸಿ ಬರಬೇಡ, ನಾವು ಹಾಗೆ ಮಾಡಿಬಿಡ್ತೀವಿ. ಓದು ಸಾಲದು ಅಂದರಲ್ಲ, ಅಕ್ಷರ ಕೂಡಿಸೋದರಲ್ಲಾ, ಅರ್ಥದಲ್ಲಾ ಅಂತ ಟೀಚರನ್ನ ನೇರವಾಗಿ ಕೇಳು. ಅವರು ಹೇಳಿದ್ದನ್ನ ನನಗೆ ಬರೆದು ಕಳಿಸು, ಮುಂದಿನದು ಅದರ ಮೇಲೆ ಹೇಳ್ತೀನಿ.