ಕಾಲುಸಂಕದ ಅರ್ಜಿ ಎಲ್ಲಿಗೆ ಬಂತು? ಪಂಚಾಯಿತಿ ಸಭೆ ಕುರಿತ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಬೇರೆ ಬೇರೆ ಬಾಗಿಲಿನಿಂದ ಕೇಳುತ್ತಿದ್ದವು. ಪಂಚಾಯಿತಿಯಂತಹ ಸಂಸ್ಥೆಯ ತಿಂಗಳ ಸಭೆಯಲ್ಲಿ ‘ತೀರ್ಮಾನ’ ಎಂಬುದು ನಿಜವಾಗಿ ಯಾವ ಗಳಿಗೆಯಲ್ಲಿ ಆಗುತ್ತದೆ ಎಂಬುದೇ ಆ ವಿಷಯ. ಪಿಂಚಣಿ ಮತ್ತು ಖಾತೆ ಬದಲಾವಣೆಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ನಾಲ್ಕಕ್ಕೆ ಮಾತ್ರ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮನೆಗಳಿಗೂ ಶಾಲೆಗೂ ನಡುವೆ ಒಂದು ಹಳ್ಳವಿದೆ. ಮಳೆಗಾಲದಲ್ಲಿ ನಾವೇ ಅಡಿಕೆ ದಬ್ಬೆ ಹಾಸಿ ಕಟ್ಟಿಕೊಂಡ ಸಂಕದ ಮೇಲೆ ಮಕ್ಕಳು ದಾಟುತ್ತಾರೆ. ಕಾಲುಸಂಕಕ್ಕಾಗಿ ಎರಡು ವರ್ಷಗಳ ಹಿಂದೆ ಪಂಚಾಯಿತಿಗೆ ಅರ್ಜಿ ಕೊಟ್ಟೆವು. ‘ಸಭೆಯಲ್ಲಿ ಪಾಸಾಗಿದೆ’ ಎಂದು ನಮ್ಮ ಸದಸ್ಯರು ಹೇಳುತ್ತಾರೆ, ‘ಹಾಗೇನೂ ಆಗಿಲ್ಲ’ ಎಂದು ಕಚೇರಿಯವರು ಹೇಳುತ್ತಾರೆ. ಯಾರನ್ನು ನಂಬಬೇಕು?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿರಲಾರರು. ನಿಮ್ಮ ಅರ್ಜಿಯನ್ನು ಸಭೆಯಲ್ಲಿ ಓದಿರುತ್ತಾರೆ, ಯಾರೂ ಬೇಡ ಎಂದಿರುವುದಿಲ್ಲ, ಆದ್ದರಿಂದ ಸದಸ್ಯರ ಪಾಲಿಗೆ ಅದು ಪಾಸಾಗಿದೆ. ಕಚೇರಿಯವರು ನೋಡುವುದು ನಡಾವಳಿ ಪುಸ್ತಕವನ್ನು. ಅಲ್ಲಿ ಏನು ಬರೆದಿದೆಯೋ ಅದೇ ತೀರ್ಮಾನ, ಉಳಿದದ್ದೆಲ್ಲ ಮಾತು. ಹಲವು ವರ್ಷ ಪಂಚಾಯಿತಿ ಕಾರ್ಯದರ್ಶಿಯಾಗಿ ನಡಾವಳಿ ಬರೆದವನಾದ್ದರಿಂದ, ಆ ಪುಸ್ತಕದ ಭಾಷೆಯನ್ನು ಸ್ವಲ್ಪ ಬಿಡಿಸಿ ಹೇಳಲು ನನಗೆ ಅಧಿಕಾರವಿದೆ ಎಂದುಕೊಂಡಿದ್ದೇನೆ.

‘ಪರಿಶೀಲಿಸಿ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂದು ಬರೆದಿದ್ದರೆ ಯಾವ ಕ್ರಮವೂ ತೀರ್ಮಾನವಾಗಿಲ್ಲ ಎಂದೇ ಅರ್ಥ. ಯಾರು ಪರಿಶೀಲಿಸಬೇಕು, ಯಾವಾಗ ವರದಿ ಕೊಡಬೇಕು ಎಂಬುದು ಆ ವಾಕ್ಯದಲ್ಲಿ ಇರುವುದಿಲ್ಲ. ‘ಅನುದಾನದ ಲಭ್ಯತೆ ನೋಡಿಕೊಂಡು ಕೈಗೊಳ್ಳಲು’ ಎಂದಿದ್ದರೆ ನಿಮ್ಮ ಅರ್ಜಿಗೆ ಸಾಲಿನಲ್ಲಿ ಒಂದು ಜಾಗ ಸಿಕ್ಕಿದೆ, ಆದರೆ ಎಷ್ಟನೆಯದು ಎಂದು ಯಾರಿಗೂ ಗೊತ್ತಿಲ್ಲ. ‘ಸಂಬಂಧಪಟ್ಟ ಇಲಾಖೆಗೆ ಬರೆದುಕೊಳ್ಳಲು’ ಎಂದಿದ್ದರೆ ಚೆಂಡು ಪಂಚಾಯಿತಿಯ ಅಂಗಳದಿಂದ ಹೊರಗೆ ಹೋಗಿದೆ. ಇಂಥ ವರ್ಷದ ಕ್ರಿಯಾ ಯೋಜನೆಯಲ್ಲಿ, ಇಂಥ ಅನುದಾನದಡಿ, ಇಷ್ಟು ಅಂದಾಜು ಮೊತ್ತಕ್ಕೆ ಸೇರಿಸಲಾಗಿದೆ ಎಂದು ಬರೆದು, ಅದರ ಕೆಳಗೆ ಸೂಚಕರ ಮತ್ತು ಅನುಮೋದಕರ ಹೆಸರು ಇದ್ದರೆ ಮಾತ್ರ ಕಾಲುಸಂಕ ಕಾಗದದ ಮೇಲಾದರೂ ಹುಟ್ಟಿದೆ ಎಂದು ತಿಳಿಯಬೇಕು. ಅದಾದ ಮೇಲೂ ಎಂಜಿನಿಯರ್ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ ಎಂಬ ಮೆಟ್ಟಿಲುಗಳಿವೆ. ಆದರೆ ಮೊದಲ ಮೆಟ್ಟಿಲಿಲ್ಲದೆ ಉಳಿದವು ಬರುವುದಿಲ್ಲ.

ಹಣ ಬಂದಿದೆ ಎಂದು ಕೇಳುತ್ತೇವೆ, ಸಂಕಕ್ಕೆ ಮಾತ್ರ ಇಲ್ಲ ಎನ್ನುತ್ತಾರೆ ಎಂದು ನಿಮ್ಮ ಪತ್ರದ ಕೊನೆಯಲ್ಲಿ ಬೇಸರಪಟ್ಟಿದ್ದೀರಿ. ಅದಕ್ಕೊಂದು ಕಾರಣವಿದೆ. 15ನೇ ಹಣಕಾಸು ಆಯೋಗವು 2021-22ರಿಂದ 2025-26ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂದು ಕಟ್ಟುಹಾಕಿತ್ತು. ಉಳಿದ ಶೇ. 40ರಲ್ಲಿ ಮಾತ್ರ ಪಂಚಾಯಿತಿಗೆ ಆಯ್ಕೆಯ ಸ್ವಾತಂತ್ರ್ಯವಿತ್ತು. ಆ ಭಾಗಕ್ಕೆ ಊರೂರಿನ ರಸ್ತೆ, ಮೋರಿ, ಬೀದಿದೀಪ ಎಲ್ಲವೂ ಕೈಚಾಚುತ್ತವೆ. ಒಂದು ವರ್ಷ ಸಂಕ ಬಿಟ್ಟುಹೋದರೆ ಅದನ್ನು ದ್ವೇಷವೆಂದು ಭಾವಿಸಬೇಕಾಗಿಲ್ಲ. ವರ್ಷವೂ ಬಿಟ್ಟುಹೋದರೆ ಕೇಳಲೇಬೇಕು.

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಹಳ್ಳದ ಆಚೆ ದಡ ಅರಣ್ಯಭೂಮಿಯಾಗಿದ್ದರೆ ಪಂಚಾಯಿತಿಯ ನಿರ್ಣಯವೊಂದೇ ಸಾಲದು. 2006ರ ಅರಣ್ಯ ಹಕ್ಕು ಕಾಯ್ದೆಯು ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರಿನ ಕೊಳವೆ ಮುಂತಾದ 13 ಬಗೆಯ ಸೌಕರ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75 ಮರಗಳನ್ನು ಮೀರದಂತೆ ಕಡಿಯಬೇಕಾಗುವ ಸಂದರ್ಭದಲ್ಲಿ ಬಿಟ್ಟುಕೊಡಲು ಅವಕಾಶ ನೀಡಿದೆ. ಆದರೆ ಅದಕ್ಕೆ ಬೇಕಾದದ್ದು ಗ್ರಾಮಸಭೆಯ ಶಿಫಾರಸು. ಗ್ರಾಮಸಭೆ ಎಂದರೆ ಊರಿನ ವಯಸ್ಕರೆಲ್ಲ ಸೇರುವ ಸಭೆಯೇ ಹೊರತು ಸದಸ್ಯರ ತಿಂಗಳ ಸಾಮಾನ್ಯ ಸಭೆಯಲ್ಲ. ಈ ಎರಡನ್ನು ಗೊಂದಲ ಮಾಡಿಕೊಂಡು ಕಳಿಸಿದ ಕಾಗದಗಳು ಹಾಗೆಯೇ ಹಿಂದಿರುಗಿದ್ದನ್ನು ಕಂಡಿದ್ದೇನೆ. ಸಂಕ ಆಚೆ ಕಾನಿನೊಳಗಿನ ಕಾಲುದಾರಿಗೆ ಸೇರುವುದಾದರೆ, ಮುಂದಿನ ಗ್ರಾಮಸಭೆಯಲ್ಲಿ ರಸ್ತೆ ಮತ್ತು ಸಂಕವನ್ನು ಕೂಡಿಸಿಯೇ ಪ್ರಸ್ತಾಪಿಸಿ.

ಸದ್ಯಕ್ಕೆ ಮಾಡಬೇಕಾದದ್ದು ಸುಲಭ. ನಿಮ್ಮ ಅರ್ಜಿಯನ್ನು ಚರ್ಚಿಸಿದ ಸಭೆಯ ನಡಾವಳಿಯ ದೃಢೀಕೃತ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ಕೇಳಿ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳನ್ನು ಮೀರಬಾರದು. ಆದ್ದರಿಂದ ಎರಡು ವರ್ಷಗಳ ಕಷ್ಟವನ್ನೆಲ್ಲ ಅದರಲ್ಲಿ ತೋಡಿಕೊಳ್ಳದೆ ಸಭೆಯ ದಿನಾಂಕ, ಗೊತ್ತಿದ್ದರೆ ನಿರ್ಣಯದ ಸಂಖ್ಯೆ, ಇಷ್ಟನ್ನೇ ಬರೆದು ನಡಾವಳಿಯ ಪ್ರತಿ ಕೇಳಿ.

ಪ್ರಶ್ನೆ: ಮಗನ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಅಲ್ಲಿನ ಕೌಂಟಿ (ನಮ್ಮ ಜಿಲ್ಲೆಯಂತಹ ಆಡಳಿತ ಘಟಕ) ಮಂಡಳಿಯ ಸಭೆಯನ್ನು ನೋಡುವ ಅವಕಾಶ ಸಿಕ್ಕಿತು. ಮೂವತ್ತಕ್ಕೂ ಹೆಚ್ಚು ವಿಷಯಗಳನ್ನು ಓದದೆ, ಚರ್ಚಿಸದೆ ಒಂದೇ ಮತದಿಂದ ಅಂಗೀಕರಿಸಿದರು. ನಮ್ಮಲ್ಲಿ ಹೀಗೆ ಮಾಡಿದರೆ ಕಣ್ಣುಮುಚ್ಚಿ ಸಹಿ ಹಾಕಿದರು ಎನ್ನುತ್ತೇವೆ. ಅಲ್ಲಿ ಅದು ಹೇಗೆ ಸರಿಯಾಗುತ್ತದೆ?
– ಓದುಗರು, ಸಾಗರ

ಉತ್ತರ: ನೀವು ಕಂಡದ್ದಕ್ಕೆ ಅಲ್ಲಿ ಕನ್ಸೆಂಟ್ ಕ್ಯಾಲೆಂಡರ್ ಅಥವಾ ಕನ್ಸೆಂಟ್ ಅಜೆಂಡಾ ಎನ್ನುತ್ತಾರೆ, ತಕರಾರಿಲ್ಲದ ವಿಷಯಗಳ ಪಟ್ಟಿ ಎಂದು ನಾವು ಕರೆಯಬಹುದು. ಹಿಂದಿನ ಸಭೆಯ ನಡಾವಳಿ, ಗುತ್ತಿಗೆಗಳ ನವೀಕರಣ, ಬಂದ ಅನುದಾನದ ಸ್ವೀಕಾರ, ಸಮಿತಿಗಳಿಗೆ ನೇಮಕ ಮುಂತಾದ ದಿನನಿತ್ಯದ ವಿಷಯಗಳನ್ನು ಅದರಲ್ಲಿ ಗಂಟುಕಟ್ಟುತ್ತಾರೆ. ಯಾವುದಾದರೂ ವಿಷಯಕ್ಕೆ ಚರ್ಚೆ ಬೇಕೆಂದು ಸದಸ್ಯರೊಬ್ಬರು ಹೇಳಿದರೆ ಅದನ್ನು ಗಂಟಿನಿಂದ ಬಿಚ್ಚಿ ಬೇರೆಯಾಗಿ ಎತ್ತಿಕೊಳ್ಳುತ್ತಾರೆ, ಉಳಿದವು ಒಂದೇ ಮತದಲ್ಲಿ ಸಾಗುತ್ತವೆ. ಅವರಿಗೆ ಇದು ಬೇಕೇಬೇಕು. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿವೆ, ಸಾಮಾನ್ಯವಾಗಿ ಒಂದೊಂದು ಮಂಡಳಿಯಲ್ಲಿ ಐವರು ಸೂಪರ್‌ವೈಸರ್‌ಗಳು, ಅಂದರೆ ಚುನಾಯಿತ ಸದಸ್ಯರು. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸುಮಾರು ಒಂದು ಕೋಟಿ ಜನರಿಗೂ ಅದೇ ಐವರು. ಅಲ್ಲಿ ಪ್ರತಿಯೊಂದನ್ನೂ ಓದುತ್ತ ಕುಳಿತರೆ ಸಭೆ ಮುಗಿಯುವುದೇ ಇಲ್ಲ.

ಅದು ಸರಿಯಾಗುವುದು ವೇಗದಿಂದಲ್ಲ, ವೇಗಕ್ಕೆ ಮೊದಲು ನಡೆಯುವ ಕೆಲಸದಿಂದ. ಆ ರಾಜ್ಯದ 1953ರ ಬ್ರೌನ್ ಕಾಯ್ದೆಯಂತೆ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ಕನಿಷ್ಠ 72 ಗಂಟೆಗಳ ಮೊದಲು ಸಾರ್ವಜನಿಕವಾಗಿ ಪ್ರಕಟಿಸಬೇಕು, ಅದರಲ್ಲಿರುವ ವಿಷಯದ ಬಗ್ಗೆ ಜನರಿಗೆ ಮಾತನಾಡಲು ಅವಕಾಶ ಕೊಡಬೇಕು, ಮತ್ತು ಕೆಲವು ತುರ್ತು ಸಂದರ್ಭಗಳನ್ನು ಬಿಟ್ಟರೆ ಕಾರ್ಯಸೂಚಿಯಲ್ಲಿ ಇಲ್ಲದ ವಿಷಯದ ಮೇಲೆ ತೀರ್ಮಾನ ಕೈಗೊಳ್ಳುವಂತಿಲ್ಲ. ಯಾರು ಪರ, ಯಾರು ವಿರೋಧ ಎಂದು ಸದಸ್ಯರ ಮತವನ್ನು ಹೆಸರಿನೊಂದಿಗೆ ತಿಳಿಸಬೇಕು. ನೀವು ನೋಡಿದ ಒಂದು ಮತದ ಹಿಂದೆ ಇಷ್ಟೆಲ್ಲ ಇದೆ. ಓದಬೇಕಾದವರು ಮನೆಯಲ್ಲಿ ಓದಿಕೊಂಡು ಬಂದಿರುತ್ತಾರೆ ಎಂಬ ನಂಬಿಕೆ ಇಡೀ ಪದ್ಧತಿಯ ಬುಡದಲ್ಲಿದೆ. ಓದದೆ ಬಂದರೆ ಅಲ್ಲಿಯೂ ಅದು ಕಣ್ಣುಮುಚ್ಚಿ ಹಾಕಿದ ಸಹಿಯೇ.

ನಮ್ಮಲ್ಲಿ ಲೆಕ್ಕ ತಿರುವುಮುರುವು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಗೆ ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಬಯಲುಸೀಮೆಯಲ್ಲಿ ಪಂಚಾಯಿತಿಗೆ 5 ಸಾವಿರದಿಂದ 7 ಸಾವಿರ ಜನ ಇರಬೇಕೆಂದರೆ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನಂತಹ ಜಿಲ್ಲೆಗಳಲ್ಲಿ ಮನೆಗಳು ಚದುರಿರುವ ಕಾರಣಕ್ಕೆ 2500 ಜನರಿದ್ದರೂ ಸಾಕೆಂದು ಕಾಯ್ದೆ ಸಡಿಲಿಸಿದೆ. ಹೀಗಾಗಿ ಏಳೆಂಟು ಸದಸ್ಯರೇ ಇರುವ ಪಂಚಾಯಿತಿ ನಮ್ಮಲ್ಲಿ ಸಾಧ್ಯ. ಸಾಮಾನ್ಯ ಸಭೆಗೆ ಏಳು ದಿನ, ವಿಶೇಷ ಸಭೆಗೆ ಮೂರು ದಿನ ಮೊದಲೇ ತಿಳಿವಳಿಕೆ ಪತ್ರ ಕೊಡಬೇಕೆಂಬ ನಿಯಮವೂ ಇದೆ. ಅಂದರೆ ಓದಿಕೊಳ್ಳಲು ಕೌಂಟಿಯವರಿಗಿಂತ ನಮ್ಮ ಸದಸ್ಯರಿಗೆ ಹೆಚ್ಚು ಸಮಯವಿದೆ, ಓದಬೇಕಾದ ವಿಷಯ ಬಹಳ ಕಡಿಮೆ.

ಆದರೂ ನಮ್ಮ ಕಾರ್ಯಸೂಚಿಯ ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂಬ ಒಂದು ಸಾಲಿರುತ್ತದೆ. ಜಮಾ-ಖರ್ಚು, ನೀರಗಂಟಿಯ ಸಂಬಳ, ಮೆಸ್ಕಾಂ ಬಿಲ್ಲು ಇವನ್ನೆಲ್ಲ ಕ್ರಮವಾಗಿ ಓದಿ, ಊಟದ ಹೊತ್ತು ಮೀರಿ ಅರ್ಧ ಸದಸ್ಯರು ಎದ್ದುಹೋದ ಮೇಲೆ ಆ ಸಾಲಿಗೆ ಬರುತ್ತೇವೆ. ನಾನು ಕೆಲಸ ಮಾಡಿದ ಒಂದು ಪಂಚಾಯಿತಿಯಲ್ಲಿ ಪಂಪ್‌ಸೆಟ್ ದುರಸ್ತಿಯ ದೊಡ್ಡ ಬಿಲ್ಲೊಂದನ್ನು ಅದೇ ಸಾಲಿನಡಿ ಬರೆದುಕೊಂಡೆ. ಮುಂದಿನ ತಿಂಗಳು ಸದಸ್ಯರೊಬ್ಬರು ‘ಇದು ಯಾವಾಗ ಬಂತು ಮಾರಾಯ್ರೆ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ದುರಸ್ತಿ ನಿಜವಾಗಿಯೂ ಆಗಿತ್ತು, ಆದರೆ ಅದನ್ನು ನಂಬಿಸಲು ನನಗೆ ಒಂದು ವರ್ಷ ಬೇಕಾಯಿತು. ಕೌಂಟಿಯ ಗಂಟಿಗಿಂತ ನಮ್ಮ ಈ ‘ಇತರೆ’ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಗಂಟಿನಲ್ಲಿ ಏನಿದೆ ಎಂದು ಮೊದಲೇ ಗೊತ್ತಿರುತ್ತದೆ, ‘ಇತರೆ’ಯಲ್ಲಿ ಏನು ಬರಲಿದೆ ಎಂದು ತಿಳಿಯುವುದಿಲ್ಲ.

ಪ್ರಶ್ನೆ: ಸದಸ್ಯರೊಬ್ಬರ ತಮ್ಮನಿಗೆ ಚರಂಡಿ ಕಾಮಗಾರಿ ಕೊಡುವ ವಿಷಯ ಸಭೆಗೆ ಬಂದಿತ್ತು. ಆ ಸದಸ್ಯರೇ ಅದನ್ನು ಸೂಚಿಸಿದರು. ಇದು ಸರಿಯೆ?
– ಓದುಗರು, ಸೊರಬ ತಾಲ್ಲೂಕು

ಉತ್ತರ: ತಮಗೆ ನೇರವಾಗಿ ಅಥವಾ ಪರೋಕ್ಷವಾಗಿ ಹಣಕಾಸಿನ ಹಿತವಿರುವ ವಿಷಯದ ಚರ್ಚೆಯಲ್ಲಿ ಸದಸ್ಯರು ಭಾಗವಹಿಸಬಾರದು, ಮತ ಹಾಕಬಾರದು ಎಂಬುದು ಕಾಯ್ದೆಯ ನಿಲುವು. ಪಂಚಾಯಿತಿಯ ಕಾಮಗಾರಿಯಲ್ಲಿ ಸದಸ್ಯರಿಗೇ ಪಾಲಿದ್ದರೆ ಸದಸ್ಯತ್ವಕ್ಕೂ ಕುತ್ತು ಬರಬಹುದು. ಆ ತಮ್ಮ ಬೇರೆ ಮನೆಯಾಗಿದ್ದು, ಅಣ್ಣತಮ್ಮಂದಿರ ನಡುವೆ ಹಣದ ಸಂಬಂಧ ಏನೂ ಇಲ್ಲದಿದ್ದರೆ ಕಾನೂನಿನ ಮಾತು ಬೇರೆಯಾಗಬಹುದು. ಆದರೂ ಸೂಚಕರಾಗಿ ಹೆಸರು ಬರೆಸಿಕೊಳ್ಳುವಷ್ಟು ಅವಸರ ಅವರಿಗೇಕಿತ್ತು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: ನಾನು ಮೊದಲ ಬಾರಿಗೆ ಸದಸ್ಯೆಯಾದವಳು. ನಮ್ಮ ವಾರ್ಡಿನ ಕುಡಿಯುವ ನೀರಿನ ಹಣವನ್ನು ಬೇರೆ ಕಡೆಯ ತೊಟ್ಟಿಗೆ ಬದಲಾಯಿಸುವ ವಿಷಯಕ್ಕೆ ಸಭೆಯಲ್ಲಿ ಆಕ್ಷೇಪಿಸಿದೆ. ನಡಾವಳಿಯಲ್ಲಿ ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆದಿದ್ದಾರೆ. ಕೇಳಿದರೆ, ನೀವೂ ಸಹಿ ಹಾಕಿದ್ದೀರಲ್ಲ ಎನ್ನುತ್ತಾರೆ.
– ಸದಸ್ಯರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಾವು ಹಾಕಿದ್ದು ಹಾಜರಿಯ ಸಹಿ. ಸಭೆಗೆ ಬಂದಿದ್ದಕ್ಕೆ ಅದು ಸಾಕ್ಷಿಯೇ ಹೊರತು ಒಪ್ಪಿಗೆಗೆ ಅಲ್ಲ. ಬಾಗಿಲಲ್ಲಿ ಕಾಫಿ ಲೋಟದ ಜೊತೆಗೇ ಪುಸ್ತಕ ಚಾಚಿ ಸಹಿ ಪಡೆಯುವ ರೂಢಿ ಇರುವುದರಿಂದ ಈ ಗೊಂದಲ ಎಲ್ಲ ಕಡೆಯೂ ಇದೆ.

ಕಾಯ್ದೆ ಸರ್ವಾನುಮತವನ್ನು ಕೇಳುವುದೇ ಇಲ್ಲ. ಹಾಜರಿದ್ದು ಮತ ಚಲಾಯಿಸಿದವರ ಬಹುಮತ ಸಾಕು, ಸಮಸಮವಾದರೆ ಅಧ್ಯಕ್ಷರಿಗೆ ನಿರ್ಣಾಯಕ ಮತವಿದೆ. ಹಾಗಿದ್ದೂ ಪ್ರತಿ ನಿರ್ಣಯದ ಕೊನೆಗೆ ‘ಸರ್ವಾನುಮತ’ ಎಂದು ಬರೆಯುವುದು ಕೈಗೆ ಅಂಟಿದ ಅಭ್ಯಾಸ, ನಾನೂ ಅದನ್ನು ಮಾಡಿದವನೇ. ಇದರಲ್ಲಿ ಕುತಂತ್ರಕ್ಕಿಂತ ದಾಕ್ಷಿಣ್ಯವೇ ಹೆಚ್ಚು. ಏಳೆಂಟು ಜನರ ಪಂಚಾಯಿತಿಯಲ್ಲಿ ಎಲ್ಲರೂ ಅದೇ ಸೊಸೈಟಿಯಲ್ಲಿ ಅಡಿಕೆ ಹಾಕುವವರು, ಅದೇ ಮದುವೆ ಮನೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂರುವವರು. ಪುಸ್ತಕದಲ್ಲಿ ವಿರೋಧ ಬರೆಸುವುದೆಂದರೆ ಮನೆತನದ ಜಗಳವೇನೋ ಎಂಬಂತೆ ನೋಡುತ್ತಾರೆ. ಆದರೆ ತಮ್ಮ ವಾರ್ಡಿನವರು ನಾಳೆ ಬಂದು ‘ಅಕ್ಕಾ, ನೀವೇ ಒಪ್ಪಿದಿರಂತೆ’ ಎಂದರೆ ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ಲವೆ?

ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು ಮುಂದಿನ ಸಭೆಯ ಮೊದಲ ವಿಷಯವಾಗಿರುತ್ತದೆ. ಎಲ್ಲರೂ ತಲೆದೂಗಿ ದಾಟಿಸುವ ಆ ವಿಷಯವೇ ತಮಗೆ ಮುಖ್ಯ. ಆ ಹೊತ್ತಿಗೆ ಎದ್ದು, ಇಂಥ ನಿರ್ಣಯಕ್ಕೆ ತಮ್ಮ ಆಕ್ಷೇಪವಿತ್ತು, ಅದನ್ನು ಸೇರಿಸಿ ತಿದ್ದಬೇಕು ಎಂದು ಹೇಳಿ, ಅದೇ ಮಾತನ್ನು ಬರಹದಲ್ಲಿಯೂ ಕೊಡಿ. ಒಂದು ಪ್ರತಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ ಕಳಿಸಿ. ತಿದ್ದಲು ಒಪ್ಪದಿದ್ದರೆ, ಒಪ್ಪಲಿಲ್ಲ ಎಂಬುದನ್ನಾದರೂ ಆ ದಿನದ ನಡಾವಳಿಯಲ್ಲಿ ಬರೆಯಿರಿ ಎಂದು ಕೇಳಿ. ಇನ್ನು ಮುಂದೆ ತಕರಾರಿರುವ ವಿಷಯಕ್ಕೆ ಕೈ ಎತ್ತಿಸಿ ಎಣಿಸುವಂತೆ ಅಧ್ಯಕ್ಷರನ್ನು ಸೌಜನ್ಯದಿಂದಲೇ ಕೇಳಿಕೊಳ್ಳಿ. ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಸಮಯವನ್ನೂ ಬರೆಯಿರಿ, ಸಹಿಯ ಮೇಲೆ ಖಾಲಿ ಪುಟ ಬಿಟ್ಟಿದ್ದರೆ ಅಡ್ಡಗೆರೆ ಎಳೆದು ಕೆಳಗೆ ಸಹಿ ಹಾಕಿ. ಆಕ್ಷೇಪಣೆ ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.