ಓದುಗರ ಪ್ರಶ್ನೆ: ನನ್ನ ನಂಬಿಕೆಯನ್ನು ನಾನೇ ಪ್ರಶ್ನಿಸುವುದು ಹೇಗೆ?

ಪ್ರಶ್ನೆ: ಚಿಕ್ಕಂದಿನಿಂದ ನಂಬಿಕೊಂಡು ಬಂದ ಎಷ್ಟೋ ವಿಚಾರಗಳ ಬಗ್ಗೆ ಈಗ ಅನುಮಾನ ಶುರುವಾಗಿದೆ. ಎಲ್ಲಿಂದ ಹಿಡಿಯಲಿ ಗೊತ್ತಾಗುತ್ತಿಲ್ಲ. ಒಂದನ್ನು ಮುಟ್ಟಿದರೆ ಎಲ್ಲವೂ ಕುಸಿದುಬಿಡುತ್ತದೇನೋ ಎಂಬ ಹೆದರಿಕೆ ಬೇರೆ.

ಉತ್ತರ: ದೊಡ್ಡದರಿಂದ ಶುರು ಮಾಡಬೇಡಿ. ದೇವರು, ಸಾವು, ಪಾಪ-ಪುಣ್ಯ ಇಂಥವು ಮನೆಯ ಕಂಬಗಳಿದ್ದಂತೆ. ಅವುಗಳ ಮೇಲೆ ಹತ್ತಾರು ಬೇರೆ ನಂಬಿಕೆಗಳ ಭಾರ ಕೂತಿರುತ್ತದೆ. ಕಂಬಕ್ಕೇ ಮೊದಲು ಕೈಹಾಕಿದವರು ಒಂದೋ ಹೆದರಿ ಅಲ್ಲಿಗೇ ಬಿಡುತ್ತಾರೆ, ಇಲ್ಲವೇ ಒಂದೇ ವಾರದಲ್ಲಿ ಎಲ್ಲವನ್ನೂ ಕಿತ್ತೆಸೆದು ಅಷ್ಟೇ ಅವಸರದಲ್ಲಿ ಇನ್ನೊಂದಕ್ಕೆ ಜೋತುಬೀಳುತ್ತಾರೆ. ಮೊದಲ ತಿಂಗಳಿಗೆ ಒಂದೇ ಒಂದು ಚಿಕ್ಕ ನಂಬಿಕೆ ಸಾಕು. ‘ಗದರದಿದ್ದರೆ ಮಕ್ಕಳು ಹಾಳಾಗುತ್ತಾರೆ’ ಎಂಬುದನ್ನೇ ತೆಗೆದುಕೊಳ್ಳೋಣ.

ನೋಟ್‌ಬುಕ್ಕಿನ ಒಂದು ಪುಟದಲ್ಲಿ ಅದನ್ನು ಒಂದೇ ವಾಕ್ಯವಾಗಿ ಬರೆದು ತಾರೀಖು ಹಾಕಿ. ಅದು ನಿಮಗೆ ಎಷ್ಟು ಖಚಿತ ಎಂದು 10ಕ್ಕೆ ಅಂಕ ಕೊಡಿ. ‘ನಂಬುತ್ತೇನೆ’, ‘ನಂಬುವುದಿಲ್ಲ’ ಎಂಬ ಎರಡೇ ದಾರಿ ಇದ್ದರೆ ಮನಸ್ಸು ಹಟ ಹಿಡಿಯುತ್ತದೆ. 9ರಿಂದ 7ಕ್ಕೆ ಇಳಿದರೆ ಸೋತೆ ಅನ್ನಿಸುವುದಿಲ್ಲ.

ಅದರ ಕೆಳಗೆ, ಈ ನಂಬಿಕೆ ಬಂದದ್ದು ಎಲ್ಲಿಂದ ಎಂದು ಬರೆಯಿರಿ. ತರ್ಕಕ್ಕೆ ಹೆಸರಾದ ನಮ್ಮ ಪ್ರಾಚೀನ ತತ್ತ್ವಪಂಥ ನ್ಯಾಯದರ್ಶನ ಅರಿವಿನ ಮೂಲಗಳನ್ನು ನಾಲ್ಕಾಗಿ ಹೇಳುತ್ತದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕಣ್ಣಾರೆ ಕಂಡದ್ದೇ, ಕಂಡದ್ದರಿಂದ ಊಹಿಸಿದ್ದೇ, ಹೋಲಿಕೆಯಿಂದ ತಿಳಿದದ್ದೇ, ಇಲ್ಲ ಬೇರೆಯವರು ಹೇಳಿದ್ದೇ? ನಮ್ಮ ಬಹುಪಾಲು ನಂಬಿಕೆಗಳು ಕೊನೆಯ ಸಾಲಿಗೆ ಸೇರುತ್ತವೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬುದನ್ನೂ ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ನಂಬಿದ್ದೇವೆ. ನೋಡಬೇಕಾದ್ದು, ಹೇಳಿದವರಿಗೆ ಅದನ್ನು ತಿಳಿಯುವ ಅವಕಾಶ ಇತ್ತೇ ಎಂಬುದನ್ನು.

ಮೂರನೆಯ ಸಾಲು ಎಲ್ಲಕ್ಕಿಂತ ಮುಖ್ಯ: ಏನು ಕಂಡರೆ ಈ ಅಂಕ ಇಳಿಯುತ್ತದೆ? ಹುಡುಕಾಟಕ್ಕೆ ಇಳಿಯುವ ಮೊದಲೇ ಇದನ್ನು ಬರೆಯಬೇಕು. ಆಮೇಲೆ ಬರೆಯಲು ಕೂತರೆ, ಸಿಕ್ಕಿದ ಸಾಕ್ಷ್ಯಕ್ಕೆ ತಕ್ಕ ಹಾಗೆ ಗೆರೆಯನ್ನೇ ಸರಿಸಿಬಿಡುತ್ತೇವೆ. ಎಷ್ಟು ಯೋಚಿಸಿದರೂ ಆ ಸಾಲು ಖಾಲಿಯೇ ಉಳಿದರೆ, ನಿಮ್ಮ ಮುಂದಿರುವುದು ಬಹುಶಃ ಒಂದು ಸಂಗತಿಯಲ್ಲ, ಮೌಲ್ಯ. ‘ಕೊಟ್ಟ ಮಾತಿಗೆ ತಪ್ಪಬಾರದು’ ಎಂಬುದನ್ನು ಸಾಕ್ಷ್ಯ ಹಿಡಿದು ಅಳೆಯಲಾಗದು. ಅದಕ್ಕೆ ಕೇಳುವ ಪ್ರಶ್ನೆಗಳೇ ಬೇರೆ: ನಾನು ಒಪ್ಪಿದ ಇನ್ನಾವ ಮೌಲ್ಯಕ್ಕೆ ಇದು ಅಡ್ಡ ಬರುತ್ತದೆ? ಹಾಗೆ ಬಂದಾಗ ಹೊರೆ ಬೀಳುವುದು ಯಾರ ಮೇಲೆ?

ಪ್ರಶ್ನೆ: ಪರೀಕ್ಷಿಸಲು ಕೂತಾಗೆಲ್ಲ ನನ್ನ ನಂಬಿಕೆ ಸರಿಯೆಂದೇ ತೋರುತ್ತದೆ. ನನಗೆ ನಾನೇ ಮೋಸ ಮಾಡಿಕೊಳ್ಳುತ್ತಿದ್ದೇನೆಯೇ?

ಉತ್ತರ: ಮೋಸವಲ್ಲ, ಹುಡುಕುವ ಕ್ರಮದಲ್ಲಿ ದೋಷವಿದೆ. ಮನೋವಿಜ್ಞಾನಿ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 2, 4, 6 ಎಂಬ ಸಂಖ್ಯೆಗಳನ್ನು ಕೊಟ್ಟು, ಇವುಗಳ ಹಿಂದೆ ಒಂದು ನಿಯಮವಿದೆ, ನೀವೂ ಮೂರು ಮೂರು ಸಂಖ್ಯೆ ಹೇಳುತ್ತಾ ಅದನ್ನು ಕಂಡುಹಿಡಿಯಿರಿ ಎಂದು ಕೇಳಲಾಯಿತು. ‘ಎರಡೆರಡು ಹೆಚ್ಚುತ್ತಾ ಹೋಗುವುದು’ ಎಂದು ಊಹಿಸಿದವರು 8, 10, 12ರಂಥವನ್ನೇ ಹೇಳಿದರು. ಪ್ರತಿ ಸಲವೂ ‘ಸರಿ’ ಎಂಬ ಉತ್ತರ ಬಂತು, ಊಹೆ ಗಟ್ಟಿಯಾಯಿತು. ನಿಜವಾದ ನಿಯಮ ಇಷ್ಟೇ: ಸಂಖ್ಯೆಗಳು ಏರುತ್ತಾ ಹೋಗಬೇಕು. ಒಮ್ಮೆ 2, 4, 5 ಎಂದಿದ್ದರೆ ಅದಕ್ಕೂ ‘ಸರಿ’ ಎನ್ನುವುದು ಕೇಳಿ ಊಹೆ ಅಲ್ಲೇ ಮುರಿಯುತ್ತಿತ್ತು.

ಹಾಗಾಗಿ ಪುಟದ ಮೇಲೆ ನಾಲ್ಕು ಮನೆ ಎಳೆಯಿರಿ. ಗದರಿಸಿ ಬೆಳೆಸಿ ಹಾಳಾದವರು, ಗದರಿಸಿ ಬೆಳೆಸಿ ಚೆನ್ನಾಗಿರುವವರು, ಗದರದೆ ಬೆಳೆಸಿ ಹಾಳಾದವರು, ಗದರದೆ ಬೆಳೆಸಿ ಚೆನ್ನಾಗಿರುವವರು. ನಿಮಗೆ ಗೊತ್ತಿರುವವರನ್ನೆಲ್ಲ ಈ ಮನೆಗಳಲ್ಲಿ ಕೂರಿಸಿ. ನೆನಪು ತಾನಾಗಿ ತುಂಬುವುದು ನಂಬಿಕೆಗೆ ಹೊಂದುವ ಎರಡು ಮನೆಗಳನ್ನು ಮಾತ್ರ. ಉಳಿದೆರಡಕ್ಕೆ ನೀವೇ ಬೆನ್ನುಹತ್ತಿ ಹುಡುಕಬೇಕು. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿ ಕಂಡರೆ ತಕ್ಷಣ ಬರೆದಿಡುವುದನ್ನು ಚಾರ್ಲ್ಸ್ ಡಾರ್ವಿನ್ ನಿಯಮವಾಗಿಯೇ ಇಟ್ಟುಕೊಂಡಿದ್ದ. ಅಂಥವು ಬಲುಬೇಗ ಮರೆತುಹೋಗುತ್ತವೆ ಎಂಬುದು ಅವನು ಕೊಟ್ಟ ಕಾರಣ.

ಮನೆಗಳು ತುಂಬಿದ ಮೇಲೂ ಒಂದು ಅಪಾಯ ಉಳಿಯುತ್ತದೆ. ತುಂಟ ಮಗುವಿಗೇ ಹೆಚ್ಚು ಗದರಿಕೆ ಬಿದ್ದಿರಬಹುದು. ಆಗ ಕಾರಣ ಯಾವುದು, ಪರಿಣಾಮ ಯಾವುದು? ಹತ್ತಿಪ್ಪತ್ತು ಜನರ ಲೆಕ್ಕದಿಂದ ಸತ್ಯ ತೀರ್ಮಾನವಾಗುವುದಿಲ್ಲ. ನಿಮ್ಮ ಅಂಕ 9 ಇರಬೇಕೇ 6 ಇರಬೇಕೇ ಎಂಬುದು ತಿಳಿದರೆ ಈ ಕೆಲಸಕ್ಕೆ ಅಷ್ಟು ಸಾಕು.

ಪ್ರಶ್ನೆ: ನನ್ನ ನಂಬಿಕೆ ಬದಲಾದ ಮೇಲೆ, ಅದನ್ನೇ ಇನ್ನೂ ಹಿಡಿದುಕೊಂಡಿರುವ ಹತ್ತಿರದವರನ್ನು ಕಂಡರೆ ಅಸಹನೆ ಬರುತ್ತದೆ. ಇವರು ಯೋಚಿಸುವುದೇ ಇಲ್ಲವಲ್ಲ ಅನ್ನಿಸುತ್ತದೆ.

ಉತ್ತರ: ಇದು ತುಂಬ ಜನರಿಗೆ ಆಗುವಂಥದ್ದು. ನಾನು ಜಗತ್ತನ್ನು ಇದ್ದ ಹಾಗೇ ನೋಡುತ್ತಿದ್ದೇನೆ ಎಂದು ಪ್ರತಿಯೊಬ್ಬರಿಗೂ ಒಳಗೊಳಗೇ ಅನ್ನಿಸುತ್ತದೆ. ಲೀ ರಾಸ್ ಎಂಬ ಮನೋವಿಜ್ಞಾನಿ ತಮ್ಮ ಸಂಗಡಿಗರೊಂದಿಗೆ ಇದನ್ನು ವಿವರವಾಗಿ ತೋರಿಸಿದ್ದಾರೆ. ಹಾಗೆ ಅನ್ನಿಸಿದ ಮೇಲೆ, ಒಪ್ಪದವರಿಗೆ ಉಳಿಯುವ ವಿವರಣೆ ಮೂರೇ: ಅವರಿಗೆ ಗೊತ್ತಿಲ್ಲ, ಇಲ್ಲವೇ ಬುದ್ಧಿಯಿಲ್ಲ, ಇಲ್ಲವೇ ಸ್ವಾರ್ಥ. ಇದೇ ತಂಡದ 2002ರ ಅಧ್ಯಯನವೊಂದರಲ್ಲಿ, ಜನರಿಗೆ ಪಕ್ಷಪಾತ ತಮ್ಮಲ್ಲಿಗಿಂತ ಬೇರೆಯವರಲ್ಲೇ ಹೆಚ್ಚಾಗಿ ಕಾಣುತ್ತದೆ ಎಂಬುದು ಕಂಡುಬಂತು. ಪ್ರಶ್ನಿಸುವ ಅಭ್ಯಾಸ ಬೆಳೆಸಿಕೊಂಡವರೂ ಇದಕ್ಕೆ ಹೊರತಲ್ಲ. ಪ್ರಶ್ನಿಸುವವನು ನಾನು, ಪ್ರಶ್ನಿಸದವರು ಅವರು ಎಂಬ ಹೊಸ ಹೆಮ್ಮೆ ಸುಲಭವಾಗಿ ಅಂಟಿಕೊಳ್ಳುತ್ತದೆ.

ನೀವು ಅದನ್ನು ನಂಬುತ್ತಿದ್ದ ಕಾಲದಲ್ಲಿ ನಿಮಗಿದ್ದ ಕಾರಣಗಳನ್ನು, ಆಗ ನೀವೇ ಹೇಳುತ್ತಿದ್ದ ಮಾತಿನಲ್ಲಿ, ಒಂದು ಪುಟ ಬರೆಯಿರಿ. ವ್ಯಂಗ್ಯ ಬೇಡ. ಓದಿ ನೋಡಿದಾಗ ಅಲ್ಲಿ ದಡ್ಡರೊಬ್ಬರು ಕಾಣುತ್ತಾರೆಯೇ? ನಿಮ್ಮ ಹತ್ತಿರದವರ ಬಳಿ ಇರುವುದೂ ಹೆಚ್ಚುಕಡಿಮೆ ಅಂಥವೇ ಕಾರಣಗಳು. ಅವುಗಳ ಜೊತೆಗೆ, ಆ ನಂಬಿಕೆ ಅವರ ಬದುಕಿನಲ್ಲಿ ಏನು ಕೆಲಸ ಮಾಡುತ್ತಿದೆ ಎಂದೂ ಯೋಚಿಸಿ. ಕೆಲವಕ್ಕೆ ದುಃಖ ಹಗುರ ಮಾಡುವ ಕೆಲಸ, ಕೆಲವಕ್ಕೆ ತೀರಿಹೋದವರ ನೆನಪು ಉಳಿಸುವ ಕೆಲಸ. ನಿಮಗೆ ಆ ಆಸರೆ ಬೇಡವಾಗಿರಬಹುದು, ಅವರಿಗೆ ಬೇಕಾಗಿರಬಹುದು.

ಪ್ರಶ್ನೆ: ಮಾತು ಶುರುವಾದ ಐದೇ ನಿಮಿಷಕ್ಕೆ ಜಗಳವಾಗುತ್ತದೆ. ಮಾತೇ ಆಡಬಾರದೇ?

ಉತ್ತರ: ಆಡಬೇಕು, ಆದರೆ ಯಾವ ಮಾತು ಎಂದು ಮೊದಲು ಗೊತ್ತಿರಬೇಕು. ನಮ್ಮ ತರ್ಕಶಾಸ್ತ್ರ ಮೂರು ಬಗೆ ಹೇಳುತ್ತದೆ. ಸತ್ಯ ತಿಳಿಯಲು ನಡೆಯುವುದು ವಾದ, ಗೆಲ್ಲಲು ನಡೆಯುವುದು ಜಲ್ಪ, ತನ್ನದೊಂದು ಪಕ್ಷವೇ ಇಲ್ಲದೆ ಎದುರಿನವರದ್ದನ್ನು ಬರೀ ಖಂಡಿಸುವುದು ವಿತಂಡ. ವಾದವೆಂದು ಶುರುವಾದದ್ದು ಜಲ್ಪಕ್ಕೆ ತಿರುಗಿದ ಗಳಿಗೆಯನ್ನು ಗುರುತಿಸಬಹುದು: ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಿಮ್ಮ ತಲೆಯಲ್ಲಿ ಉತ್ತರ ಸಿದ್ಧವಾಗತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ, ‘ನಾಳೆ ಮಾತಾಡೋಣ’ ಎನ್ನಿ.

ಮೊದಲು ಪೂರ್ವಪಕ್ಷ ಮಂಡಿಸಿ. ಅವರ ಮಾತನ್ನು ನಿಮ್ಮ ಬಾಯಲ್ಲಿ ಹೇಳಿ, ‘ಹೌದು, ನಾನು ಹೇಳಿದ್ದು ಅದೇ’ ಎಂದು ಅವರು ಒಪ್ಪುವವರೆಗೆ ಮುಂದೆ ಹೋಗಬೇಡಿ. ಒಪ್ಪಿದ ಮರುಕ್ಷಣವೇ ‘ಆದರೆ’ ಎಂದರೆ ಅಷ್ಟು ಹೊತ್ತು ಕೇಳಿಸಿಕೊಂಡದ್ದು ಬಲೆಯೆಂದು ಅವರಿಗೆ ಅನ್ನಿಸುತ್ತದೆ. ಸ್ವಲ್ಪ ಸುಮ್ಮನಿರಿ. ‘ಯಾಕೆ ನಂಬುತ್ತೀರಿ?’ ಎಂದರೆ ವಕೀಲರಂತೆ ಸಮರ್ಥನೆಗೆ ಇಳಿಯುತ್ತಾರೆ. ‘ಇದು ನಿಮಗೆ ಖಚಿತವಾದದ್ದು ಹೇಗೆ?’ ಎಂದರೆ ನಡೆದದ್ದನ್ನು ಹೇಳುತ್ತಾರೆ. ಒಂದರ ಹಿಂದೆ ಒಂದು ಪ್ರಶ್ನೆ ಹಾಕಿದರೆ ಅದು ವಿಚಾರಣೆಯಾಗುತ್ತದೆ. ನಾಲ್ಕು ಜನರೆದುರು ಈ ಮಾತು ತೆಗೆಯಲೇಬೇಡಿ. ಮಾನದ ಪ್ರಶ್ನೆ ಬಂದರೆ ಯಾರೂ ಒಂದಿಂಚು ಸರಿಯುವುದಿಲ್ಲ.

ಪ್ರಶ್ನೆ: ಹಾಗಾದರೆ ಎಲ್ಲರದ್ದೂ ಅವರವರಿಗೆ ಸರಿಯೇ? ಹಾನಿ ಮಾಡುವ ನಂಬಿಕೆಯನ್ನೂ ಸುಮ್ಮನೆ ನೋಡುತ್ತಿರಬೇಕೇ?

ಉತ್ತರ: ಖಂಡಿತ ಇಲ್ಲ. ಜೈನರ ಸ್ಯಾದ್ವಾದವನ್ನೂ ಹೀಗೆಯೇ ತಪ್ಪು ತಿಳಿಯುವುದುಂಟು. ಎಲ್ಲವೂ ಸರಿ ಎಂದು ಅದು ಹೇಳುವುದಿಲ್ಲ. ಯಾವ ದೃಷ್ಟಿಯಿಂದ ಸರಿ ಎಂಬುದನ್ನು ಸೇರಿಸಿ ಹೇಳು ಎನ್ನುತ್ತದೆ. ಜ್ವರದಿಂದ ನರಳುವ ಮಗುವಿಗೆ ಮದ್ದು ಬೇಡ ಎಂದು ಯಾರಾದರೂ ಹಟ ಹಿಡಿದರೆ ಅಡ್ಡ ನಿಲ್ಲಿ. ‘ನಿಮ್ಮದು ಮೂಢನಂಬಿಕೆ’ ಎಂದರೆ ಗಂಟೆಗಟ್ಟಲೆ ಜಗಳವಾಗಿ ಮಗು ಅಲ್ಲೇ ಉಳಿಯುತ್ತದೆ. ‘ಮಗುವನ್ನು ಈಗಲೇ ವೈದ್ಯರಿಗೆ ತೋರಿಸಬೇಕು, ನಾನೂ ಬರುತ್ತೇನೆ’ ಎನ್ನಿ. ನಂಬಿಕೆಯ ಮಾತು ಮಗು ಗುಣವಾದ ಮೇಲೆ.

ಪ್ರಶ್ನೆ: ಎಲ್ಲವನ್ನೂ ಪ್ರಶ್ನಿಸಲು ಹೊರಟ ಮೇಲೆ ನಿದ್ದೆಯೇ ಕೆಟ್ಟಿದೆ.

ಉತ್ತರ: ವಾರಕ್ಕೆ ಎರಡು ಸಲ, 20 ನಿಮಿಷ, ಹಗಲು ಹೊತ್ತಿನಲ್ಲಿ ಮಾತ್ರ ಈ ಕೆಲಸಕ್ಕೆ ಕೂತುಕೊಳ್ಳಿ. ಸಿಟ್ಟು, ದುಃಖ, ಆಯಾಸ ಇದ್ದ ದಿನ ಬೇಡ. ‘ಸದ್ಯಕ್ಕೆ ಗೊತ್ತಿಲ್ಲ’ ಎಂದು ಬರೆದು ಪುಟ ಮುಚ್ಚುವುದೂ ಒಂದು ಉತ್ತರವೇ. ಅರ್ಧಕ್ಕೆ ನಿಂತಿರುವ ಅನುಮಾನವನ್ನು ಎಲ್ಲರಿಗೂ ಸಾರಬೇಡಿ. ಸಾರಿದ ಮೇಲೆ ಹಿಂದೆ ಸರಿಯುವುದು ಕಷ್ಟ. ಒಂದೇ ಅನುಮಾನ ಬೇಡವೆಂದರೂ ದಿನವಿಡೀ ಮತ್ತೆ ಮತ್ತೆ ಬರುತ್ತಿದ್ದರೆ, ಯಾರಾದರೂ ‘ಪರವಾಗಿಲ್ಲ’ ಎಂದ ಸ್ವಲ್ಪ ಹೊತ್ತಿಗೇ ಮತ್ತೆ ಅದೇ ಸಮಾಧಾನ ಬೇಕೆನಿಸಿದರೆ, ನಿದ್ದೆ ಎರಡು ವಾರ ಕಳೆದರೂ ಸರಿಹೋಗದಿದ್ದರೆ, ಅದು ವಿಚಾರದ ಕೆಲಸವಾಗಿ ಉಳಿದಿಲ್ಲ. ಗೀಳು ಅಥವಾ ಆತಂಕದ ತೊಂದರೆ ಇರಬಹುದು, ಚಿಕಿತ್ಸೆ ಇದೆ. ಮನೋವೈದ್ಯರನ್ನು ಕಾಣಿ, ಅಲ್ಲಿಯವರೆಗೆ ನೋಟ್‌ಬುಕ್ ಮುಚ್ಚಿಡಿ.